ಹಳೆಯ ಚಿಪ್‌ಗೆ ಸಂಬಳ ಕೊಡುವವರು ಯಾರು?

2006ರ ನವೆಂಬರ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ 3 ಅಮೆರಿಕದ ಅಂಗಡಿಗಳಿಗೆ ಬಂದಾಗ 60 ಜಿಬಿ ಮಾದರಿಯ ಬೆಲೆ 599 ಡಾಲರ್. ಐಸಪ್ಲೈ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಪೆಟ್ಟಿಗೆ ಬಿಚ್ಚಿ, ಬಿಡಿಭಾಗಗಳ ಲೆಕ್ಕ ಹಾಕಿ, ತಯಾರಿಕೆಗೇ ಸುಮಾರು 840 ಡಾಲರ್ ತಗಲುತ್ತಿದೆ ಎಂದು ಅಂದಾಜಿಸಿತು. ಅಂದರೆ ಒಂದೊಂದು ಯಂತ್ರ ಮಾರಿದಾಗಲೂ ಸುಮಾರು 240 ಡಾಲರ್ ಕೈಯಿಂದ ಹೋಗುತ್ತಿತ್ತು. ಆ ಪಟ್ಟಿಯಲ್ಲಿ ಗ್ರಾಫಿಕ್ಸ್ ಚಿಪ್‌ಗೆ 129, ಬ್ಲೂ-ರೇ ಡ್ರೈವ್‌ಗೆ 125, ಸೆಲ್ ಪ್ರೊಸೆಸರ್‌ಗೆ 89 ಡಾಲರ್. ಅವುಗಳ ನಡುವೆ 27 ಡಾಲರಿನ ಇನ್ನೊಂದು ಚಿಪ್ ಇತ್ತು. ಪ್ಲೇಸ್ಟೇಷನ್ 2ರ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡನ್ನೂ ಒಂದರಲ್ಲೇ ಸೇರಿಸಿ ಮಾಡಿದ್ದು ಅದು. ಹಳೆಯ ಗೇಮ್‌ಗಳು ಹೊಸ ಯಂತ್ರದಲ್ಲಿ ನಡೆಯಬೇಕು ಎಂಬ ಒಂದೇ ಕಾರಣಕ್ಕೆ ಅದಕ್ಕೆ ಅಲ್ಲಿ ಜಾಗ ಸಿಕ್ಕಿತ್ತು. ಒಂದೇ ವರ್ಷದಲ್ಲಿ ಆ ಜಾಗವೂ ಹೋಯಿತು.

27 ಡಾಲರ್ ಉಳಿಸಲು ಗಿರಾಕಿಗಳ ಹಳೆಯ ಡಿಸ್ಕ್‌ಗಳಿಗೆ ಕಂಪನಿ ನೀರು ಬಿಟ್ಟಿತು ಎಂದು ಅಭಿಮಾನಿಗಳು ಇಂದಿಗೂ ಬೈಯುತ್ತಾರೆ. ಬೈಗುಳದಲ್ಲಿ ಅರ್ಥವಿಲ್ಲ ಎಂದಲ್ಲ, ಅದು ತಪ್ಪು ವರ್ಷದ ಮೇಲೆ ಬೀಳುತ್ತಿದೆ ಅಷ್ಟೆ.

2000ದಲ್ಲಿ ಬಂದ ಪ್ಲೇಸ್ಟೇಷನ್ 2 (ಪಿಎಸ್2) ಒಳಗೂ ಅದರ ಹಿಂದಿನ ಯಂತ್ರದ ಪ್ರೊಸೆಸರ್ ಇತ್ತು. ಆದರೆ ಅದು ಕೂತು ತಿನ್ನುತ್ತಿರಲಿಲ್ಲ. ಪಿಎಸ್2 ಗೇಮ್ ನಡೆಯುವಾಗ ಕಂಟ್ರೋಲರ್, ಡಿಸ್ಕ್ ಡ್ರೈವ್, ಮೆಮೊರಿ ಕಾರ್ಡ್‌ಗಳ ವ್ಯವಹಾರವನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ಹಳೆಯ ಡಿಸ್ಕ್ ಹಾಕಿದರೆ ಮೊದಲಿನಂತೆ ಮುಖ್ಯ ಪ್ರೊಸೆಸರ್ ಆಗಿಬಿಡುತ್ತಿತ್ತು. ಹೀಗೆ ತನ್ನ ಸಂಬಳವನ್ನು ತಾನೇ ದುಡಿದುಕೊಳ್ಳುತ್ತಿತ್ತು. ನಿಂಟೆಂಡೊ ಕೂಡ 2004ರ ಡಿಎಸ್‌ನಲ್ಲಿ ಇದೇ ಜಾಣತನ ತೋರಿತು: ಗೇಮ್ ಬಾಯ್ ಅಡ್ವಾನ್ಸ್‌ನ ಪ್ರೊಸೆಸರ್ ಅಲ್ಲಿ ಧ್ವನಿ ಮತ್ತು ವೈಫೈ ಕೆಲಸಕ್ಕೆ ನಿಂತಿತು. ಪಿಎಸ್3ರಲ್ಲಿ ಹಾಗಾಗಲಿಲ್ಲ. ಹೊಸ ಗೇಮ್ ಆಡುವಷ್ಟು ಹೊತ್ತೂ ಹಳೆಯ ಚಿಪ್‌ಗೆ ಕೆಲಸವಿಲ್ಲ. ಅದರ ಜೊತೆಗೆ ಅದಕ್ಕೇ ಬೇಕಾದ ಪ್ರತ್ಯೇಕ ಮೆಮೊರಿ, ಬೋರ್ಡಿನ ಮೇಲೆ ಜಾಗ ಬೇರೆ. ಹೀಗಾಗಿ ನಿಜವಾದ ಖರ್ಚು 27 ಡಾಲರಿಗೆ ನಿಲ್ಲುವಂಥದ್ದೂ ಆಗಿರಲಿಲ್ಲ.

ಸಾಫ್ಟ್‌ವೇರ್‌ನಲ್ಲೇ ಹಳೆಯ ಯಂತ್ರದ ನಟನೆ ಮಾಡಿಸಬಹುದಿತ್ತಲ್ಲ, ಅಂದರೆ ಎಮ್ಯುಲೇಶನ್? ಸೋನಿ ಪ್ರಯತ್ನಿಸದೆ ಇರಲಿಲ್ಲ. 2007ರ ಮಾರ್ಚ್‌ನಲ್ಲಿ ಯುರೋಪಿಗೆ ಬಂದ ಪಿಎಸ್3ರಲ್ಲಿ ಪಿಎಸ್2ರ ಪ್ರೊಸೆಸರ್ ಇರಲಿಲ್ಲ. ಅದರ ಪಾತ್ರವನ್ನು ಸೆಲ್ ವಹಿಸಿತು. ಗ್ರಾಫಿಕ್ಸ್ ಚಿಪ್ ಮಾತ್ರ ಉಳಿಯಿತು. 294 ಮೆಗಾಹರ್ಟ್ಸ್‌ನ ಹಳೆಯ ಪ್ರೊಸೆಸರನ್ನು 3.2 ಗಿಗಾಹರ್ಟ್ಸ್‌ನ ಹೊಸದು ಅನುಕರಿಸಬಲ್ಲದು, ಅದೂ ಎಲ್ಲ ಗೇಮ್‌ಗಳಲ್ಲಿ ಅಲ್ಲ. ಗ್ರಾಫಿಕ್ಸ್‌ನ ಕಥೆ ಬೇರೆ. ಪಿಎಸ್2ರ ಗ್ರಾಫಿಕ್ಸ್ ಚಿಪ್ ತನ್ನ ಹೊಟ್ಟೆಯೊಳಗೇ 4 ಎಂಬಿ ಮೆಮೊರಿ ಇಟ್ಟುಕೊಂಡಿತ್ತು, ಸೆಕೆಂಡಿಗೆ 48 ಜಿಬಿ ವೇಗದಲ್ಲಿ ಅದರೊಂದಿಗೆ ವ್ಯವಹರಿಸುತ್ತಿತ್ತು. ಆರು ವರ್ಷದ ನಂತರ ಬಂದ ಪಿಎಸ್3ರ ಗ್ರಾಫಿಕ್ಸ್ ಚಿಪ್‌ಗೆ ಅದರ ಸ್ವಂತ ಮೆಮೊರಿಯೊಂದಿಗೆ ಇದ್ದ ವೇಗ ಇದರ ಅರ್ಧಕ್ಕಿಂತಲೂ ಕಡಿಮೆ. ಈ ಒಂದು ವಿಷಯದಲ್ಲಿ ಹಳೆಯದೇ ಹೊಸದಕ್ಕಿಂತ ಎರಡು ಪಟ್ಟು ಚುರುಕು! ಆ ಗುಣವನ್ನು ನೆಚ್ಚಿ ಬರೆದ ಗೇಮ್‌ಗಳನ್ನು ಸಾಫ್ಟ್‌ವೇರ್‌ನಿಂದ ಸಂಭಾಳಿಸುವುದು ಸುಲಭವಿರಲಿಲ್ಲ.

2007ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಸೋನಿಯ ಗೇಮ್ ವಿಭಾಗ 23,230 ಕೋಟಿ ಯೆನ್ ನಷ್ಟ ತೋರಿಸಿತು. 2007ರ ಕೊನೆಯಲ್ಲಿ ಅಮೆರಿಕಕ್ಕೆ 399 ಡಾಲರಿನ 40 ಜಿಬಿ ಮಾದರಿ ಬಂತು. ಪಿಎಸ್2 ಡಿಸ್ಕ್‌ಗಳಿಗೆ ಅದರಲ್ಲಿ ಪ್ರವೇಶವೇ ಇರಲಿಲ್ಲ. ಕಂಪನಿಯ ದೃಷ್ಟಿಯಿಂದ ನೋಡಿದರೆ ಇನ್ನೊಂದು ಲೆಕ್ಕವೂ ಇತ್ತು. ಪಿಎಸ್2 ಆಗಲೂ 129 ಡಾಲರಿಗೆ ಚೆನ್ನಾಗಿ ಮಾರಾಟವಾಗುತ್ತಿತ್ತು. 'ಗಾಡ್ ಆಫ್ ವಾರ್ 2'ರಂಥ ದೊಡ್ಡ ಗೇಮ್ ಪಿಎಸ್3 ಬಂದ ಮೇಲೂ ಹಳೆಯ ಯಂತ್ರಕ್ಕೇ ಬಂದಿತ್ತು. ಲಾಭ ತರುವ ಯಂತ್ರವೊಂದು ಅಂಗಡಿಯಲ್ಲಿರುವಾಗ ಅದನ್ನೇ ನಷ್ಟದ ಯಂತ್ರದೊಳಗೆ ಪುಕ್ಕಟೆ ಸೇರಿಸಿ ಕೊಡಲು ಯಾವ ವ್ಯಾಪಾರಿ ಒಪ್ಪುತ್ತಾನೆ? ಭಾರತದಲ್ಲಂತೂ ಪಿಎಸ್3 ಕಾಲಿಟ್ಟಿದ್ದು 39,990 ರೂಪಾಯಿಗೆ. ಇಲ್ಲಿಯ ಮಕ್ಕಳ ಯಂತ್ರ ಪಿಎಸ್2 ಆಗಿಯೇ ಉಳಿಯಿತು. ಹೈದರಾಬಾದಿನಲ್ಲಿ ತಯಾರಾದ 'ಹನುಮಾನ್: ಬಾಯ್ ವಾರಿಯರ್' 2009ರಲ್ಲಿ ಬಂದಿದ್ದು ಅದಕ್ಕೇ.

ನನ್ನ ಪ್ರಕಾರ ತಪ್ಪು ನಡೆದದ್ದು 2007ರಲ್ಲಲ್ಲ, ಐಬಿಎಂ ಮತ್ತು ತೋಷಿಬಾ ಜೊತೆ ಸೇರಿ ಸೆಲ್ ಪ್ರೊಸೆಸರ್ ಕಟ್ಟಲು ಸೋನಿ ಹೊರಟ 2001ರಲ್ಲಿ. ಹಿಂದಿನದಕ್ಕೂ ಸಂಬಂಧವಿಲ್ಲ, ಮುಂದಿನದಕ್ಕೂ ದಾರಿಯಿಲ್ಲ ಎಂಬಂಥ ವಿನ್ಯಾಸ ಅದು. 2013ರಲ್ಲಿ ಪಿಎಸ್4 ಬಂದಾಗ ಸೋನಿ ಪಿಸಿಗಳ ಮಾದರಿಯ ಎಎಂಡಿ ಚಿಪ್‌ಗೆ ಹೊರಳಿತು, ಪಿಎಸ್3ರ ಗೇಮ್‌ಗಳು ಅನಾಥವಾದವು. ಅವುಗಳನ್ನು ದೂರದ ಸರ್ವರ್‌ಗಳಲ್ಲಿ ಓಡಿಸಿ ಇಂಟರ್‌ನೆಟ್ ಮೂಲಕ ತೋರಿಸಲು 38 ಕೋಟಿ ಡಾಲರ್ ಕೊಟ್ಟು ಗೈಕೈ ಎಂಬ ಕಂಪನಿಯನ್ನೇ ಅದು ಕೊಂಡಿತ್ತು. ಪಿಎಸ್5ರಲ್ಲಿ ಇಂದಿಗೂ ಪಿಎಸ್3ರ ಡಿಸ್ಕ್ ನಡೆಯುವುದಿಲ್ಲ.

ಪಿಎಸ್5ರ ವಾಸ್ತುಶಿಲ್ಪಿ ಮಾರ್ಕ್ ಸರ್ನಿ 2020ರ ಮಾರ್ಚ್‌ನ ಭಾಷಣದಲ್ಲಿ ಪಿಎಸ್3ರ ಉದಾಹರಣೆಯನ್ನೇ ಎತ್ತಿದರು. ಹಳೆಯ ಚಿಪ್‌ಸೆಟ್ಟನ್ನು ಹಾಗೇ ಒಳಗಿಡುವುದು ವಿಪರೀತ ದುಬಾರಿ. ಹೊಸ ಚಿಪ್‌ಗೇ ಹಳೆಯದರಂತೆ ನಡೆಯುವ ವರಸೆ ಕಲಿಸುವುದು ಮೇಲು ಎಂಬುದು ಅವರ ವಾದದ ಸಾರ. ಪಿಎಸ್4, ಪಿಎಸ್5 ಎರಡರವೂ ಒಂದೇ ವಂಶದ ಎಎಂಡಿ ಚಿಪ್‌ಗಳಾದ್ದರಿಂದ ಇದು ಸಾಧ್ಯವಾಯಿತು. ಪಿಎಸ್4ರ ಬಹುಪಾಲು ಗೇಮ್‌ಗಳು ಪಿಎಸ್5ರಲ್ಲಿ ನಡೆಯುತ್ತವೆ.

ಹಳೆಯ ಗೇಮ್‌ಗಳ ಮೇಲಿನ ಈ ನಿಷ್ಠೆಗೆ ಇನ್ನೊಂದು ಕಾರಣವನ್ನು ಚಿಪ್‌ಗಳ ಬೆಲೆಯಲ್ಲಿ ಹುಡುಕಬೇಕು. ಒಂದು ಕಾಲಕ್ಕೆ ಕನ್ಸೋಲ್ ವ್ಯಾಪಾರ ನಿಂತಿದ್ದೇ ಚಿಪ್ ಅಗ್ಗವಾಗುತ್ತದೆ ಎಂಬ ಭರವಸೆಯ ಮೇಲೆ. ಮೊದಲು ನಷ್ಟಕ್ಕೆ ಮಾರು, ಎರಡು ವರ್ಷದಲ್ಲಿ ಚಿಪ್ ಕುಗ್ಗುತ್ತದೆ, ಖರ್ಚು ಇಳಿಯುತ್ತದೆ. ಸೆಲ್ 90 ನ್ಯಾನೊಮೀಟರ್‌ನಿಂದ 65ಕ್ಕೆ, ಅಲ್ಲಿಂದ 45ಕ್ಕೆ ಇಳಿದಂತೆ ಪಿಎಸ್3ರ ಬೆಲೆಯೂ 2009ರ ಹೊತ್ತಿಗೆ 299 ಡಾಲರಿಗೆ ಇಳಿಯಿತು. ಪಿಎಸ್2 ಅಮೆರಿಕದಲ್ಲಿ 299 ಡಾಲರಿನಿಂದ ಒಂಬತ್ತು ವರ್ಷಗಳಲ್ಲಿ 99ಕ್ಕೆ ಬಂದಿತ್ತು. ಈಗ ಗಂಗೆ ಹಿಮ್ಮುಖವಾಗಿದ್ದಾಳೆ. 2020ರಲ್ಲಿ ಅಲ್ಲಿ 499 ಡಾಲರ್ ಇದ್ದ ಪಿಎಸ್5ರ ಬೆಲೆ 2025ರ ಆಗಸ್ಟ್‌ನಲ್ಲಿ 549 ಆಯಿತು. ಭಾರತದಲ್ಲಿ 49,990 ರೂಪಾಯಿಗೆ ಬಂದದ್ದು ಎರಡು ವರ್ಷವೂ ತುಂಬುವ ಮೊದಲೇ 54,990 ಆಯಿತು. ಅಮೆರಿಕದ ಆಮದು ಸುಂಕದಂಥ ಕಾರಣಗಳೂ ಇದರ ಹಿಂದಿವೆ, ನಿಜ. ಆದರೆ ಚಿಪ್ ಕುಗ್ಗಿದರೂ ಮೊದಲಿನಷ್ಟು ಅಗ್ಗವಾಗದಿರುವುದೇ ಮೂಲ ತೊಂದರೆ.

ಬೆಲೆ ಇಳಿಯದ ಯಂತ್ರವನ್ನು ಹೊಸ ಗಿರಾಕಿಗೆ ಮಾರುವುದು ಕಷ್ಟ. ಆದ್ದರಿಂದ ಹಳೆಯ ಗಿರಾಕಿ ಕೈತಪ್ಪಬಾರದು. ಆತನ ಖಾತೆಯಲ್ಲಿ ನೂರಾರು ಡಿಜಿಟಲ್ ಗೇಮ್‌ಗಳಿದ್ದು, ಅವು ಮುಂದಿನ ಯಂತ್ರದಲ್ಲೂ ನಡೆಯುವುದಾದರೆ ಆತ ಎದುರಾಳಿಯ ಅಂಗಡಿಗೆ ಕಾಲಿಡಲು ಹಿಂಜರಿಯುತ್ತಾನೆ. 2007ರಲ್ಲಿ ಹಳೆಯ ಗೇಮ್ ಎಂದರೆ ಕಂಪನಿಗೆ ಖರ್ಚು. ಈಗ ಅದೇ ಬೇಲಿ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಕೂಡ ಹಳೆಯ ಚಿಪ್ಪನ್ನು ಒಳಗಿಟ್ಟುಕೊಳ್ಳದೆ, ಹಳೆಯ ಗೇಮ್‌ಗಳ ಆದೇಶಗಳನ್ನು ಆಗಿಂದಾಗಲೇ ಪರಿವರ್ತಿಸಿ ಓಡಿಸುತ್ತದೆ.

ಬೇಲಿ ಡಿಜಿಟಲ್ ಗೇಮ್‌ಗಳ ಸುತ್ತ ಇದೆ ಎಂಬುದನ್ನು ಗಮನಿಸಬೇಕು. 2024ರ ನವೆಂಬರ್‌ನಲ್ಲಿ 699 ಡಾಲರಿಗೆ ಬಂದ ಪಿಎಸ್5 ಪ್ರೋ ಜೊತೆ ಡಿಸ್ಕ್ ಡ್ರೈವ್ ಬರುವುದಿಲ್ಲ; ಬೇಕಿದ್ದವರು ಸುಮಾರು 80 ಡಾಲರ್ ಕೊಟ್ಟು ಬೇರೆಯಾಗಿ ಕೊಳ್ಳಬೇಕು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗಂತೂ ಅದನ್ನು ಸೇರಿಸಿಕೊಳ್ಳುವ ದಾರಿಯೇ ಇಲ್ಲ. ಚಿಪ್ ಹಳೆಯ ಗೇಮನ್ನು ಗುರುತಿಸುತ್ತದೆ, ಡಿಸ್ಕ್ ಹಾಕಲು ಮಾತ್ರ ಬಾಯಿಲ್ಲ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಂಡು, ಆಡಿ, ಮತ್ತೆ ಮಾರುವ ನಮ್ಮೂರಿನ ಹುಡುಗರಿಗೆ ಹಾಗಾಗಿ ಈ ಹೊಸ ಉದಾರತೆಯಿಂದ ಸಿಗುವುದು ಅಷ್ಟಕ್ಕಷ್ಟೇ.