ಮೊದಲು ಅರ್ಜಿ, ಆಮೇಲೆ ಪ್ರದರ್ಶನ

ತೊಗರಿಯ ಕುಡಿ ಚಿವುಟುವ ಪದ್ಧತಿಯು ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ರೈತ ಬಾಂಧವರಿಗೆ ಇಂದು ಹೊಸದೇನಲ್ಲ. ಬಿತ್ತನೆಯಾದ ಸುಮಾರು 50 ದಿನಗಳ ನಂತರ ತುದಿಯ ಕುಡಿಯನ್ನು ತೆಗೆದರೆ ಪಕ್ಕದ ಟೊಂಗೆಗಳು ಹೆಚ್ಚಿ, ಹೂವು ಕಾಯಿಗಳೂ ಹೆಚ್ಚುತ್ತವೆ. ಆದರೆ ಹತ್ತು ಎಕರೆ ತೊಗರಿಯ ಕುಡಿಯನ್ನು ಕೈಯಿಂದ ಚಿವುಟಲು ಆಳು ಎಲ್ಲಿಂದ ತರುವುದು? ಈ ತೊಂದರೆಯಿಂದಲೇ ಕೆಲವರು ಔಷಧಿ ಸಿಂಪಡಿಸುವ ಪಂಪಿನ ಬ್ಯಾಟರಿ, ಒಂದು ಸಣ್ಣ ಮೋಟಾರು ಮತ್ತು ಒಂದು ಬ್ಲೇಡನ್ನು ಕೊಳವೆಗೆ ಜೋಡಿಸಿ ತಾವೇ ಕುಡಿ ಕತ್ತರಿಸುವ ಸಾಧನ ಮಾಡಿಕೊಂಡರು. ಇನ್ನು ಕೆಲವರು ಎಡೆಕುಂಟೆಗೆ ಸೈಕಲ್ ಗಾಲಿ ಹಚ್ಚಿದರು, ಕೂರಿಗೆಯ ತಾಳುಗಳ ಅಂತರವನ್ನು ಬೇಕಾದಂತೆ ಬದಲಿಸುವ ಉಪಾಯ ಕಂಡುಕೊಂಡರು. ಕ್ಷೇತ್ರ ಭೇಟಿಗೆ ಹೋದಾಗ ಇಂತಹ ಸಾಧನಗಳನ್ನು ತೋರಿಸಿ ಅವರು ಕೇಳುವ ಪ್ರಶ್ನೆ ಒಂದೇ: "ಸಾಹೇಬ್ರೆ, ಇದಕ್ಕ ಪೇಟೆಂಟ್ ಸಿಗ್ತದೇನ್ರಿ?"

ನಾನು ಬೇಸಾಯಶಾಸ್ತ್ರದವನು, ವಕೀಲನಲ್ಲ. ಆದರೂ ಈ ಪ್ರಶ್ನೆಯನ್ನು ಪದೇ ಪದೇ ಕೇಳಿದ ಮೇಲೆ ಕಾಯಿದೆಯನ್ನು ಓದಿ ತಿಳಿದುಕೊಳ್ಳುವುದು ನನಗೂ ಅನಿವಾರ್ಯವಾಯಿತು. ಓದಿದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ರೈತನ ಹಕ್ಕು ಕೈತಪ್ಪುವುದು ಬಹಳ ಸಲ ಕಳ್ಳತನದಿಂದಲ್ಲ, ಆತನನ್ನು ಮೆಚ್ಚಿ ಮೇಳಕ್ಕೆ ಕರೆದು ನಾಲ್ಕು ಜನರ ಮುಂದೆ ನಿಲ್ಲಿಸುವ ನಮ್ಮಂಥವರ ಅವಸರದಿಂದ.

ಇದು ಹೇಗೆಂಬುದನ್ನು ತಿಳಿಯಲು ಪೇಟೆಂಟು ಎಂದರೆ ಏನೆಂಬುದನ್ನು ಮೊದಲು ನೋಡಬೇಕು. ಹೊಲವನ್ನು ಇಂತಿಷ್ಟು ವರ್ಷಕ್ಕೆ ಲಾವಣಿ ಬರೆದುಕೊಟ್ಟಂತೆ ಇದೊಂದು ಕರಾರು. ಸಂಶೋಧಕನು ತನ್ನ ಗುಟ್ಟನ್ನು ಮುಚ್ಚಿಡದೆ, ಇತರರು ಓದಿ ಮಾಡುವಷ್ಟು ಸ್ಪಷ್ಟವಾಗಿ ಬರೆದು ಸರಕಾರಕ್ಕೆ ಕೊಡಬೇಕು. ಅದಕ್ಕೆ ಪ್ರತಿಯಾಗಿ ಸರಕಾರವು ಅರ್ಜಿ ಹಾಕಿದ ದಿನದಿಂದ 20 ವರ್ಷಗಳವರೆಗೆ, ಅವನ ಒಪ್ಪಿಗೆಯಿಲ್ಲದೆ ಬೇರೆಯವರು ಅದನ್ನು ತಯಾರಿಸಿ ಮಾರದಂತೆ ತಡೆಯುವ ಹಕ್ಕನ್ನು ಕೊಡುತ್ತದೆ. ಅವಧಿ ಮುಗಿದ ಮೇಲೆ ಅದು ಎಲ್ಲರ ಸ್ವತ್ತು. ನಮ್ಮ ದೇಶದ ಪೇಟೆಂಟು ಕಾಯಿದೆಯು 1970ರದು. 1972ರ ಏಪ್ರಿಲ್ 20ರಿಂದ ಜಾರಿಯಲ್ಲಿದ್ದು, 1999, 2002 ಮತ್ತು 2005ರಲ್ಲಿ ತಿದ್ದುಪಡಿಯಾಗಿದೆ.

ಕರಾರಿನ ಮೊದಲ ಷರತ್ತು ಹೊಸತನ. ಅರ್ಜಿ ಹಾಕುವ ದಿನಕ್ಕೆ ಮುಂಚೆ ಆ ಸಾಧನವು ಜಗತ್ತಿನಲ್ಲಿ ಎಲ್ಲಿಯೂ ಅಚ್ಚಾಗಿರಬಾರದು, ಸಾರ್ವಜನಿಕರಿಗೆ ತಿಳಿದಿರಬಾರದು. ಇಲ್ಲಿ ರೈತರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. "ಅದನ್ನು ಜನರಿಗೆ ತೋರಿಸಿದವನು ನಾನೇ ಅಲ್ಲವೆ, ಅದು ಹೇಗೆ ನನಗೇ ಅಡ್ಡಿಯಾದೀತು?" ಎಂದು ಕೇಳುತ್ತಾರೆ. ಆದೀತು. ತೋರಿಸಿದವರು ಯಾರೆಂಬುದನ್ನು ಕಾನೂನು ಸಾಮಾನ್ಯವಾಗಿ ನೋಡುವುದಿಲ್ಲ. ಅರ್ಜಿಗೆ ಮುಂಚೆ ಬಯಲಾಯಿತೋ ಇಲ್ಲವೋ ಎಂಬುದನ್ನಷ್ಟೇ ನೋಡುತ್ತದೆ. ಕೃಷಿ ಮೇಳದ ಮಳಿಗೆ, ಜಾತ್ರೆಯ ಪ್ರದರ್ಶನ, ದಿನಪತ್ರಿಕೆಯ ವರದಿ, ಮೊಬೈಲಿನಲ್ಲಿ ಹಾಕಿದ ವಿಡಿಯೋ, ಊರಲ್ಲಿ ನಾಲ್ಕು ಜನರಿಗೆ ಮಾಡಿಕೊಟ್ಟು ಹಣ ಪಡೆದದ್ದು, ಇವೆಲ್ಲವೂ ಬಯಲಾದಂತೆಯೇ. ಇಂತಹದೇ ವಿಸ್ತರಣಾ ಪತ್ರಿಕೆಯಲ್ಲಿ ಚಿತ್ರ ಸಹಿತ ಪ್ರಕಟವಾದ ಪ್ರಗತಿಪರ ರೈತರ ಲೇಖನವೂ ಅದೇ ಲೆಕ್ಕ.

ಕೆಲವು ರಿಯಾಯಿತಿಗಳು ಉಂಟು. ಕೇಂದ್ರ ಸರಕಾರವು ಗೆಜೆಟ್ಟಿನಲ್ಲಿ ಅಧಿಸೂಚಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ 12 ತಿಂಗಳೊಳಗೆ ಅರ್ಜಿ ಹಾಕಬಹುದು. ಆದರೆ ಮೇಳ ಎಂಬ ಹೆಸರಿದ್ದ ಮಾತ್ರಕ್ಕೆ ಈ ರಕ್ಷಣೆ ಸಿಗುವುದಿಲ್ಲ, ಅಧಿಸೂಚನೆ ಇರಲೇಬೇಕು. ಹೊಲದಲ್ಲಿ ಪರೀಕ್ಷೆಗೆಂದು ಓಡಿಸಿದ್ದಕ್ಕೂ ಒಂದು ವರ್ಷದ ಮಟ್ಟಿಗೆ ಸಡಿಲಿಕೆ ಇದೆ. ಆ ಪರೀಕ್ಷೆಯನ್ನು ಜನರ ಕಣ್ಣೆದುರಿಗೇ ಮಾಡಬೇಕಾದ ಅಗತ್ಯವಿತ್ತೆಂದು ತೋರಿಸುವ ಹೊಣೆ ಮಾತ್ರ ಅರ್ಜಿದಾರನದು. ಇವುಗಳನ್ನು ನಂಬಿ ಕೂರುವುದಕ್ಕಿಂತ ಅರ್ಜಿ ಹಾಕಿ ಬಂದು ನಿಶ್ಚಿಂತೆಯಿಂದ ತೋರಿಸುವುದು ಲೇಸು.

ಅರ್ಜಿ ಹಾಕಲು ಯಂತ್ರವು ಪೂರ್ಣ ಸಿದ್ಧವಾಗಿರಬೇಕೆಂದೇನೂ ಇಲ್ಲ. ತಾತ್ಕಾಲಿಕ ವಿವರಣೆ ಎಂಬುದೊಂದಿದೆ. ಸಾಧನದ ಮುಖ್ಯ ತತ್ವವನ್ನು, ಸಾಧ್ಯವಾದರೆ ಚಿತ್ರದೊಂದಿಗೆ, ಬರೆದು ಕೊಟ್ಟರೆ ಅಂದಿನ ತಾರೀಖು ನಿಮ್ಮದಾಗುತ್ತದೆ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು, ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಮುಂಗಾರಿನಲ್ಲಿ ಒಂದು ಸಲ, ಹಿಂಗಾರಿನಲ್ಲಿ ಒಂದು ಸಲ ಓಡಿಸಿ ನೋಡಿ ತಿದ್ದಿಕೊಳ್ಳಲು ಒಂದು ವರ್ಷ ಸಾಕಾಗುತ್ತದೆ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಮೂಲಕ ಹಾಕುವ ಅರ್ಜಿಗೆ ಸರಕಾರಿ ಶುಲ್ಕ 1600 ರೂಪಾಯಿ. ಮುಂದೆ ಪರೀಕ್ಷಣೆಯ ಕೋರಿಕೆಗೆ 4000 ರೂಪಾಯಿ. ಪೇಟೆಂಟು ಏಜೆಂಟರ ಫೀ ಇದಕ್ಕಿಂತ ಬಹಳ ಹೆಚ್ಚು. ಪೇಟೆಂಟು ಸಿಕ್ಕ ಮೇಲೂ ಮೂರನೆಯ ವರ್ಷದಿಂದ ವರ್ಷ ವರ್ಷ ನವೀಕರಣ ಶುಲ್ಕ ಕಟ್ಟಬೇಕು, ಬಿಟ್ಟರೆ ಹಕ್ಕು ಹೋಗುತ್ತದೆ.

ಯಾವುದಕ್ಕೆ ಪೇಟೆಂಟು ಸಿಗುವುದಿಲ್ಲ ಎಂಬುದನ್ನು ಕಾಯಿದೆಯ 3ನೆಯ ಪ್ರಕರಣ ಹೇಳುತ್ತದೆ. ಬೇಸಾಯದ ಅಥವಾ ತೋಟಗಾರಿಕೆಯ ವಿಧಾನಕ್ಕೆ ಇಲ್ಲ. ಎಂದರೆ ತೊಗರಿಯ ಕುಡಿ ಚಿವುಟುವ ಪದ್ಧತಿಗೆ, ಸಾಲಿನ ಅಂತರಕ್ಕೆ, ತೊಗರಿಯಲ್ಲಿ ಹೆಸರು ಹಾಕುವ ಅಂತರ ಬೆಳೆ ಕ್ರಮಕ್ಕೆ ಯಾರೂ ಪೇಟೆಂಟು ಪಡೆಯಲಾರರು. ಇದು ರೈತರಿಗೆ ದೊಡ್ಡ ರಕ್ಷಣೆಯೆಂದೇ ನನ್ನ ಎಣಿಕೆ. ಕುಡಿ ಕತ್ತರಿಸುವ ಯಂತ್ರದ ಮಾತು ಬೇರೆ. ಅದರಲ್ಲಿ ಹೊಸ ಯುಕ್ತಿಯಿದ್ದರೆ ಸಿಗಬಹುದು. ಆದರೆ ಇಂತಹ ಯಂತ್ರಗಳು ಈಗಾಗಲೇ ಪೇಟೆಯಲ್ಲಿವೆ. ಬ್ಯಾಟರಿ, ಮೋಟಾರು, ಬ್ಲೇಡುಗಳನ್ನು ಒಂದಕ್ಕೊಂದು ಸೇರಿಸಿದ ಮಾತ್ರಕ್ಕೆ ಆಗುವುದಿಲ್ಲ. ಕತ್ತರಿಸಿದ ಕುಡಿ ಬ್ಲೇಡಿಗೆ ಸುತ್ತಿಕೊಳ್ಳದಂತೆಯೋ, ಗಿಡದ ಎತ್ತರಕ್ಕೆ ತಕ್ಕಂತೆ ತಾನೇ ಏರಿಳಿಯುವಂತೆಯೋ ಮಾಡಿದ್ದರೆ, ಆ ಕಸುಬು ಬಲ್ಲವನಿಗೂ ಸಹಜವಾಗಿ ಹೊಳೆಯದ ಯುಕ್ತಿ ಅದಾಗಿದ್ದರೆ, ಕೇಳಲು ಆಧಾರವಿದೆ. ಅಜ್ಜಂದಿರ ಕಾಲದಿಂದ ಬಂದ ತಿಳಿವಳಿಕೆಗೆ, ಬರೀ ಮಿಶ್ರಣಕ್ಕೆ ಸಿಗುವುದಿಲ್ಲ. ಬೇವಿನ ಕಷಾಯದ ಡಬ್ಬಿ ಹಿಡಿದು ಬರುವವರಿಗೆ ನಾನು ಇದನ್ನೇ ಹೇಳುವುದು.

ಅಜ್ಜಂದಿರ ತಿಳಿವಳಿಕೆಯನ್ನು ಬೇರೆಯವರು ತಮ್ಮ ಹೆಸರಿಗೆ ಮಾಡಿಕೊಂಡರೆ? ಹಾಗೂ ಆಗಿದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟು ಕೊಟ್ಟರು. ನಮ್ಮ ಸಿ.ಎಸ್.ಐ.ಆರ್. ಸಂಸ್ಥೆಯು ಹಳೆಯ ಗ್ರಂಥಗಳ ಮತ್ತು ಪ್ರಕಟಿತ ಲೇಖನಗಳ ಸಾಕ್ಷ್ಯ ಒದಗಿಸಿದ್ದರಿಂದ 1997ರಲ್ಲಿ ಅದು ರದ್ದಾಯಿತು. ಗೆದ್ದದ್ದು ಬರಹದ ಸಾಕ್ಷ್ಯದಿಂದ. ಆದ್ದರಿಂದ ಹಣದ ಆಸೆಯಿಲ್ಲದೆ "ನನ್ನ ಎಡೆಕುಂಟೆಯನ್ನು ಯಾರಾದರೂ ಮಾಡಿಕೊಳ್ಳಲಿ" ಎನ್ನುವ ರೈತರು ಸುಮ್ಮನಿರಬಾರದು. ಹೆಸರು, ಊರು, ತಾರೀಖು, ಚಿತ್ರ ಸಹಿತ ಅದನ್ನು ಪ್ರಕಟಿಸಬೇಕು. ಆಗ ನಾಳೆ ಯಾವುದೇ ಕಂಪನಿಯು ಅದನ್ನೇ ಹೊಸದೆಂದು ಹೇಳಿ ಬಾಗಿಲು ಹಾಕಲು ಹೊರಟರೆ, ಆ ಪುಟವನ್ನು ಮುಂದಿಟ್ಟು ಪೇಟೆಂಟು ಕಚೇರಿಯಲ್ಲಿ ತಕರಾರು ಸಲ್ಲಿಸಬಹುದು. ಪ್ರಕಟಣೆಯು ಪೇಟೆಂಟು ಬೇಕೆನ್ನುವವನಿಗೆ ಕೇಡು, ಬೇಡವೆನ್ನುವವನಿಗೆ ಬೇಲಿ. ಯಾವುದು ಬೇಕೆಂಬುದನ್ನು ತೀರ್ಮಾನಿಸಬೇಕಾದವನು ರೈತ.

ವೆಲ್ಡಿಂಗ್ ಅಂಗಡಿಯವರ ಸಂಗತಿ ಜೇವರ್ಗಿ ಕಡೆ ಹೆಚ್ಚಾಗಿ ಕೇಳಿಬರುತ್ತದೆ. ಯೋಚನೆ ರೈತರದು, ಕಬ್ಬಿಣದ ಕೆಲಸ ಅಂಗಡಿಯವರದು. ಮರುವರ್ಷ ಅಂಗಡಿಯ ಮುಂದೆ ಅಂಥವೇ ಹತ್ತು ನಿಂತಿರುತ್ತವೆ. ನೀವು ಹೇಳಿದಂತೆ ಬೆಸುಗೆ ಹಾಕಿಕೊಟ್ಟವರು ಸಂಶೋಧಕರಾಗುವುದಿಲ್ಲ. ಆದರೆ ತೊಡಕು ಬಿಡಿಸಿದ ಯುಕ್ತಿಯೇ ಕಂಬಾರರದಾಗಿದ್ದರೆ ಅವರೂ ಸಂಶೋಧಕರೇ, ಅರ್ಜಿಯಲ್ಲಿ ಅವರ ಹೆಸರು ಬರುವುದು ನ್ಯಾಯ. ನಮ್ಮ ಹಳ್ಳಿಗಳಲ್ಲಿ ಬಡಿಗೇರರ, ಕಂಬಾರರ ಬುದ್ಧಿಯನ್ನು ಆಯದ ಕಾಳಿನಲ್ಲಿ ತೀರಿಸಿಬಿಡುವ ರೂಢಿ ಹಳೆಯದು. ಅದನ್ನು ಇಲ್ಲಿಗೂ ತರಬಾರದು. ಇಬ್ಬರ ಹೆಸರಿನಲ್ಲಿ ಪೇಟೆಂಟು ಬಂದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ ಪಾಲು ಸಮಾನ. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮೂರನೆಯವರಿಗೆ ಪರವಾನಗಿ ಕೊಡುವಂತಿಲ್ಲ. ಕೆಲಸಕ್ಕೆ ಕೊಡುವಾಗಲೇ ಗುಟ್ಟು ಕಾಯುವ ಒಂದು ಪುಟದ ಒಪ್ಪಂದ ಬರೆಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಪೇಟೆಂಟು ಬಂದ ಮೇಲೆ ನಕಲು ಮಾಡಿದವನನ್ನು ಪೊಲೀಸರು ಹಿಡಿಯುತ್ತಾರೆಯೇ? ಇಲ್ಲ. ಇದು ಸಿವಿಲ್ ವ್ಯವಹಾರ. ಜಿಲ್ಲಾ ನ್ಯಾಯಾಲಯದಲ್ಲಿ ಅಥವಾ ಅದಕ್ಕಿಂತ ಮೇಲಿನ ನ್ಯಾಯಾಲಯದಲ್ಲಿ ಹಕ್ಕುದಾರನೇ ದಾವೆ ಹೂಡಬೇಕು. ಈ ಒಂದು ಕಾರಣದಿಂದಲೇ, ಸಣ್ಣ ಪುಟ್ಟ ಮಾರ್ಪಾಡುಗಳಿಗೆಲ್ಲ ಪೇಟೆಂಟಿನ ಹಿಂದೆ ಬೀಳುವುದು ಬೇಡವೆಂದು ನಾನು ಹೇಳುತ್ತೇನೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬೀಜ-ಗೊಬ್ಬರ ಕೂರಿಗೆ ಮೊದಲಾದ ಅನೇಕ ಸಾಧನಗಳನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದರು. ಅವರ ಕೂರಿಗೆಗಳು ರೈತರನ್ನು ಮುಟ್ಟಿದ್ದು ಅವರು ಸ್ವಂತ ಕಾರ್ಖಾನೆ ಹಾಕಿ ತಯಾರಿಸಿ ಕೊಟ್ಟದ್ದರಿಂದ. ಪೇಟೆಂಟು ಪತ್ರವು ತಾನಾಗಿ ಯಂತ್ರ ತಯಾರಿಸುವುದೂ ಇಲ್ಲ, ಮಾರುವುದೂ ಇಲ್ಲ.

ಬೀಜದ ವಿಷಯ ಬೇರೆ ಕಾಯಿದೆಗೆ ಸೇರಿದ್ದು. ನಮ್ಮಲ್ಲಿ ಬೀಜಕ್ಕೂ ತಳಿಗೂ ಪೇಟೆಂಟು ಇಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಇದೆ. ಅದರಂತೆ ರೈತನು ತಾನು ಬೆಳೆದ ಬೀಜವನ್ನು ಉಳಿಸಿ, ಬಿತ್ತಿ, ಹಂಚಿ, ಮಾರಲೂಬಹುದು. ಬ್ರಾಂಡಿನ ಹೆಸರು ಹಾಕಿ ಮಾತ್ರ ಮಾರಬಾರದು. ತಾನು ಆರಿಸಿ ಬೆಳೆಸಿದ ತಳಿಯನ್ನು ಶುಲ್ಕವಿಲ್ಲದೆ ನೋಂದಾಯಿಸಬಹುದು. "ನಮ್ಮ ತೊಗರಿಗೆ ಪೇಟೆಂಟು ಬಂತಂತೆ" ಎಂದು ಆಳಂದದಲ್ಲಿ ಹಲವರು ಹೇಳುವುದುಂಟು. 2019ರಲ್ಲಿ ಬಂದದ್ದು ಪೇಟೆಂಟಲ್ಲ, ಗುಲ್ಬರ್ಗ ತೊಗರಿ ಬೇಳೆ ಎಂಬ ಹೆಸರಿಗೆ ದೊರೆತ ಭೌಗೋಳಿಕ ಗುರುತು. ಅದು ಈ ನೆಲದ ಹೆಸರನ್ನು ಕಾಯುತ್ತದೆ, ಒಬ್ಬರ ಸಂಶೋಧನೆಯನ್ನಲ್ಲ.

ಬೀಜದ ಮಾತು ಬಂದಾಗ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ ಎಂಬ ಹಳ್ಳಿಯ ದಾದಾಜಿ ಖೋಬ್ರಗಡೆಯವರನ್ನು ನೆನೆಯದಿರಲಾಗದು. ಒಂದೂವರೆ ಎಕರೆಯ ಈ ರೈತರು 1983ರಲ್ಲಿ ತಮ್ಮ ಬತ್ತದ ಗದ್ದೆಯಲ್ಲಿ ಬೇರೆಯಾಗಿ ಕಂಡ ಮೂರು ತೆನೆಗಳನ್ನು ಆರಿಸಿ, ವರ್ಷ ವರ್ಷ ಬೆಳೆಸಿ ಒಂದು ಸಣ್ಣಕ್ಕಿಯ ತಳಿಯನ್ನು ರೂಢಿಗೆ ತಂದರು. ವ್ಯಾಪಾರಿಯೊಬ್ಬ ಅದಕ್ಕೆ ಆಗ ಜನಪ್ರಿಯವಾಗಿದ್ದ ಕೈಗಡಿಯಾರದ ಹೆಸರನ್ನೇ ಇಟ್ಟ: ಎಚ್.ಎಂ.ಟಿ. ಅಲ್ಲಿನ ಕೃಷಿ ವಿಶ್ವವಿದ್ಯಾಲಯವು ಪ್ರಯೋಗಕ್ಕೆಂದು ಬೀಜ ಪಡೆದು, ಅದನ್ನು ಶುದ್ಧೀಕರಿಸಿದ್ದಾಗಿ ಹೇಳಿ, ತನ್ನ ಹೆಸರಿನ ಅಕ್ಷರಗಳನ್ನು ಮುಂದೆ ಸೇರಿಸಿ 1998ರಲ್ಲಿ ಬಿಡುಗಡೆ ಮಾಡಿತು. ತಳಿ ಹಲವು ರಾಜ್ಯಗಳಿಗೆ ಹಬ್ಬಿತು. ಖೋಬ್ರಗಡೆಯವರು 2018ರಲ್ಲಿ ತೀರಿಕೊಂಡರು, ಬಡತನದಲ್ಲೇ.

ಯಂತ್ರದ ವಿಷಯದಲ್ಲಿ ಇಂಥದು ಆಗದಿರಬೇಕಾದರೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು ತಮ್ಮ ರೀತಿಯನ್ನು ಬದಲಿಸಿಕೊಳ್ಳಬೇಕು. ರೈತನ ಹೊಸ ಸಾಧನವನ್ನು ಮೇಳಕ್ಕೆ ಕರೆಯುವ ಮೊದಲು, ಫೋಟೋ ತೆಗೆಯುವ ಮೊದಲು, "ತಾವು ಅರ್ಜಿ ಹಾಕುವ ವಿಚಾರವಿದೆಯೇ?" ಎಂದು ಬರಹದಲ್ಲಿ ಕೇಳಬೇಕು. ಇದೆ ಎಂದರೆ ತಾತ್ಕಾಲಿಕ ವಿವರಣೆ ಬರೆದುಕೊಟ್ಟು, ಆ 1600 ರೂಪಾಯಿಯನ್ನು ವಿಶ್ವವಿದ್ಯಾಲಯವೇ ಭರಿಸಬೇಕು. ಒಂದು ಮೇಳದ ಶಾಮಿಯಾನದ ಖರ್ಚಿನಲ್ಲಿ ಎಷ್ಟು ಅರ್ಜಿಗಳಾಗುತ್ತವೆ ಎಂಬುದನ್ನು ಯಾರಾದರೂ ಲೆಕ್ಕ ಹಾಕಲಿ. ನಮ್ಮ ವಿಜ್ಞಾನಿಗಳು ಅದನ್ನು ಸುಧಾರಿಸಿದರೆ ಸುಧಾರಿಸಿದಷ್ಟಕ್ಕೆ ಮಾತ್ರ ಅವರ ಹೆಸರು. ಮೂಲ ಯುಕ್ತಿಗೆ ರೈತನ ಹೆಸರೇ ಮೊದಲು ಬರಬೇಕು. ಕೃಷಿ ಜ್ಞಾನವು ಎಲ್ಲರಿಗೂ ಮುಕ್ತವಾಗಿರಬೇಕು, ಪೇಟೆಂಟಿನ ಗೊಡವೆ ನಮಗೇಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಸಂಬಳ ಬರುವ ನಾವು ರೈತನ ಪರವಾಗಿ ಉದಾರಿಗಳಾಗುವುದು ಸುಲಭ.

ಅರ್ಜಿ ಹಾಕಬಯಸುವವರಿಗೆ ಕೆಲವು ವಿವರ. ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟು ಕಚೇರಿಗೆ ಸೇರುತ್ತವೆ. ಅಲ್ಲಿಗೆ ಹೋಗಬೇಕಿಲ್ಲ, ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟು ಮಾಹಿತಿ ಕೇಂದ್ರವಿದೆ. ಗುಜರಾತಿನಲ್ಲಿರುವ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನವು 2000ದಿಂದ ಗ್ರಾಮೀಣ ಸಂಶೋಧಕರ ಹೆಸರಿನಲ್ಲೇ ಅರ್ಜಿ ಹಾಕಿಸುವ ಕೆಲಸ ಮಾಡುತ್ತ ಬಂದಿದೆ. ಎಲ್ಲಿಗೆ ಹೋದರೂ ಒಂದು ನೋಟುಬುಕ್ಕು ಜೊತೆಗಿರಲಿ: ಯಾವ ತೊಂದರೆಗೆಂದು ಮಾಡಿದ್ದು, ಮೊದಲು ಹೇಗಿತ್ತು, ಏನು ಬದಲಿಸಿದಿರಿ, ಯಾವ ದಿನ, ಯಾರು ಕೈಹಾಕಿದರು, ಅಳತೆಗಳೇನು. ಪೆನ್ಸಿಲಿನಿಂದ ಬಿಡಿಸಿದ ಚಿತ್ರವಾದರೂ ನಡೆಯುತ್ತದೆ.