ವೆಂಟಿಲೇಟರ್ ಬೇಡ ಅಂತ ಬರೆದಿಟ್ಟರೆ ಸಾಕೇ? ‘ಲಿವಿಂಗ್ ವಿಲ್’ ಕಾಗದಕ್ಕೆ ಎಷ್ಟು ಬಲ

ಮಳಿಗೆ ದೊಡ್ಡ ಮಗನಿಗೆ, ಸೈಟು ಮಗಳಿಗೆ ಅಂತ ವಿಲ್ ಬರೆಸಿಡೋರು ತಾಲ್ಲೂಕಿನಲ್ಲಿ ಕಮ್ಮಿ ಇಲ್ಲ. ಆದರೆ ಜ್ಞಾನ ತಪ್ಪಿ ಐಸಿಯುನಲ್ಲಿ ಮಲಗಿದಾಗ ತನಗೆ ಯಾವ ಚಿಕಿತ್ಸೆ ಬೇಡ ಅಂತ ಬರೆದಿಟ್ಟವರು ಎಷ್ಟು ಜನ? ಆ ಕಾಗದವೇ ‘ಲಿವಿಂಗ್ ವಿಲ್’. ಆಸ್ತಿಯ ವಿಲ್ ಸತ್ತ ಮೇಲೆ ಜಾರಿಗೆ ಬರುತ್ತದೆ. ಇದು ಉಸಿರಿರುವಾಗಲೇ ಕೆಲಸ ಮಾಡಬೇಕು.

ಕಾನೂನಿನ ಬಲವೇನೋ ಇದೆ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಹೇಳಿತು. ಆಗ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. ಅದಕ್ಕಾಗಿ ಕೋರ್ಟ್ ಮೆಟ್ಟಿಲು ಹತ್ತೋರು ಯಾರು? 2023ರ ಜನವರಿಯಲ್ಲಿ ನಿಯಮ ಸಡಿಲವಾಯಿತು: ಇಬ್ಬರು ಸಾಕ್ಷಿಗಳ ಎದುರು ಸಹಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. 2025ರ ಜನವರಿ 30ರಂದು ರಾಜ್ಯ ಆರೋಗ್ಯ ಇಲಾಖೆಯ ಸುತ್ತೋಲೆ ಬಂತು. ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ಆಗ ಮತ್ತೆ ಸುದ್ದಿಯಾಯಿತು.

ತೊಡಕಿರುವುದು ಆಸ್ಪತ್ರೆ ಬಾಗಿಲಲ್ಲಿ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದ ಅಜ್ಜನನ್ನು ಆಂಬುಲೆನ್ಸ್‌ನಲ್ಲಿ ಹಾಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಓಡುವಾಗ, ಬೀರುವಿನಲ್ಲಿ ಮನೆಪತ್ರದ ಕೆಳಗಿರುವ ಕಾಗದ ಯಾರಿಗೆ ನೆನಪಾಗುತ್ತೆ? ಡ್ಯೂಟಿ ಡಾಕ್ಟರು ಜೀವ ಉಳಿಸೋಕೆ ಟ್ಯೂಬ್ ಹಾಕ್ತಾರೆ. ಅದು ಅವರ ತಪ್ಪಲ್ಲ. ಹಾಕಿದ್ದನ್ನು ತೆಗೆಯೋದು ಬೇರೆ ಮಾತು. ಚಿಕಿತ್ಸೆ ಕೊಡುವ ವೈದ್ಯರೂ ಸೇರಿದ ಮಂಡಳಿ, ಇನ್ನು ಗುಣವಾಗುವ ಆಸೆ ಇಲ್ಲ ಎನ್ನಬೇಕು. ಎರಡನೇ ಮಂಡಳಿಯೂ ಅದನ್ನು ಒಪ್ಪಬೇಕು. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು ಇರಬೇಕು. ಒಂದೊಂದಕ್ಕೂ ಆದಷ್ಟು 48 ಗಂಟೆಯ ಗಡುವು. ಅಲ್ಲಿಯವರೆಗೆ ಮೆಷೀನು ಓಡುತ್ತಿರುತ್ತದೆ, ಬಿಲ್ಲೂ ಕೂಡ.

ಇಷ್ಟಾದ ಮೇಲೂ, ಕಾಗದದಲ್ಲಿ ರೋಗಿ ಹೆಸರಿಸಿದವರ ಒಪ್ಪಿಗೆ ಬೇಕು. ಅಸಲು ವಿಷಯ ಇರೋದೇ ಇಲ್ಲಿ. ‘ದುಡ್ಡು ಉಳಿಸೋಕೆ ಅಪ್ಪನ್ನ ಬಿಟ್ಟುಬಿಟ್ರು ಅಂತ ಜನ ಆಡ್ಕೊಳ್ಳಲ್ವಾ?’ ಅಂತ ಮಗ ಹಿಂಜರಿದರೆ, ನೋಟರಿ ಸೀಲು ಏನು ಮಾಡೀತು? ಅದಕ್ಕೇ ಬರೆಯಬೇಕಾದ ಕನಿಷ್ಠ ಎರಡು ಹೆಸರು ಹೆಚ್ಚು ಪ್ರೀತಿಸುವವರದಲ್ಲ, ಆ ಹೊತ್ತಿನಲ್ಲಿ ಗಟ್ಟಿಯಾಗಿ ನಿಲ್ಲುವವರದಾಗಿರಬೇಕು. ಅವರಿಗೆ ಮೊದಲೇ ಕೂರಿಸಿ ಹೇಳಿರಲೂಬೇಕು.

ಬರವಣಿಗೆಯೂ ಸ್ಪಷ್ಟವಾಗಿರಬೇಕು. ‘ನನಗೆ ಜಾಸ್ತಿ ಹಿಂಸೆ ಕೊಡಬೇಡಿ’ ಎಂದಷ್ಟೇ ಬರೆದರೆ ನಿಲ್ಲುವುದು ಕಷ್ಟ. ಅಸ್ಪಷ್ಟ ಕಾಗದವನ್ನು ಮಂಡಳಿ ಜಾರಿ ಮಾಡಬಾರದು ಎಂದು ಕೋರ್ಟೇ ಹೇಳಿದೆ. ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ಟ್ಯೂಬಿನಲ್ಲಿ ಆಹಾರ, ನಿಂತ ಎದೆ ಒತ್ತುವುದು: ಯಾವುದು ಬೇಡ, ಯಾವ ಸ್ಥಿತಿಯಲ್ಲಿ ಬೇಡ ಅಂತ ಬಿಡಿಸಿ ಬರೆಯಬೇಕು.

ಇಂಜೆಕ್ಷನ್ ಕೊಟ್ಟು ಸಾಯಿಸ್ತಾರಾ ಅನ್ನೋ ಭಯ ಕೆಲವರಿಗಿದೆ. ಅದಕ್ಕೆ ಭಾರತದ ಕಾನೂನಿನಲ್ಲಿ ಅವಕಾಶವೇ ಇಲ್ಲ. ಮೆಷೀನು ತೆಗೆದರೂ ನೋವಿನ ಔಷಧ, ಆರೈಕೆ ಮುಂದುವರಿಯಬೇಕು. ಕೈಯಲ್ಲಿ ದುಡ್ಡು ಮುಗಿದು ‘ನಮ್ಮ ಜವಾಬ್ದಾರಿ’ ಅಂತ ಸಹಿ ಹಾಕಿ ಮನೆಗೆ ಕರೆತರುವ ರೋಗಿಗೆ ಎಷ್ಟೋ ಸಲ ಅದೂ ಸಿಗೋದಿಲ್ಲ.

ಕಾಗದದ ಒಂದು ಪ್ರತಿ ಪುರಸಭೆ ಅಥವಾ ಪಂಚಾಯಿತಿಯಲ್ಲಿ ಇದಕ್ಕೆಂದೇ ನೇಮಿಸಿದ ಅಧಿಕಾರಿಯ ಬಳಿ ಇರಬೇಕು. ಆ ಅಧಿಕಾರಿ ಯಾರು ಅಂತ ಕೇಳಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯುವುದು ಒಳ್ಳೇದು. ಮನೆ ಡಾಕ್ಟರಿಗೊಂದು ಪ್ರತಿ, ಹೆಸರಿಸಿದವರ ಮೊಬೈಲಿನಲ್ಲೊಂದು ಫೋಟೋ ಇರಲಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು.