ಲೆಕ್ಕ ಬರೆಯದ ಮನೆಯಲ್ಲಿ ಹಕ್ಕು ಉಳಿಯದು

ಜಹೀರಾಬಾದಿನಿಂದ ಮುಂಬೈ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸಾಗಿ ಹುಮನಾಬಾದವನ್ನು ದಾಟಿದರೆ ಬಸವಕಲ್ಯಾಣ ಹತ್ತಿರವಾಗುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರಾ' ಈ ಕಲ್ಯಾಣದ ಕೊಡುಗೆ. ವಿಭಕ್ತನಾಗಿದ್ದು ಗಂಡುಸಂತಾನವಿಲ್ಲದೆ ತೀರಿಕೊಂಡವನ ಆಸ್ತಿಗೆ ಪತ್ನಿಯೇ ಮೊದಲ ಹಕ್ಕುದಾರಳೆಂದು ಆ ಗ್ರಂಥವು ಸಾಧಿಸಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಇನ್ನೂ ಮುಂದೆ ಹೋಗಿ, ಉಯಿಲು ಬರೆಯದೆ ಮೃತನಾದವನ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು, ತಾಯಿ ಇವರಿಗೆ ಸಮಪಾಲನ್ನು ವಿಧಿಸಿತು. ವಿಧವೆಗೆ ತನ್ನ ಪಾಲಿನ ಮೇಲೆ ಪೂರ್ಣ ಒಡೆತನವನ್ನೂ ಕೊಟ್ಟಿತು. ಹಕ್ಕಿಗೆ ಇಂದು ಕೊರತೆಯಿಲ್ಲ, ಕೊರತೆಯಿರುವುದು ಲೆಕ್ಕಕ್ಕೆ.

ಇಂಗ್ಲೆಂಡಿನಲ್ಲಿ ಪತಿ ತೀರಿಕೊಂಡರೆ, ಮರಣದ ದಿನದಂದು ಅವನ ಆಸ್ತಿಗೆ ಮಾರುಕಟ್ಟೆಯಲ್ಲಿದ್ದ ಬೆಲೆಯನ್ನು ಕಟ್ಟಲೇಬೇಕು. ಪತ್ನಿಗೆ ಬರುವ ಆಸ್ತಿಗೆ ಸಾಮಾನ್ಯವಾಗಿ ತೆರಿಗೆಯಿಲ್ಲದಿದ್ದರೂ ಲೆಕ್ಕ ತಪ್ಪದು. ಭಾರತದಲ್ಲಿಯೂ 1953ರಿಂದ ಎಸ್ಟೇಟ್ ಸುಂಕವಿತ್ತು. 1985ರ ಮಾರ್ಚ್ 16ರಿಂದ ಅದು ರದ್ದಾಯಿತು. ಅಂದಿನಿಂದ ಸರಕಾರವು ಮೃತನ ಒಟ್ಟು ಆಸ್ತಿಯ ಬೆಲೆಯನ್ನು ಕೇಳುವುದಿಲ್ಲ. ಸರಕಾರ ಕೇಳದ್ದನ್ನು ಮನೆಯವರೂ ಕೇಳುವುದಿಲ್ಲ. ಹೀಗಾಗಿ ಎಷ್ಟನ್ನು ಬಿಟ್ಟುಕೊಡುತ್ತಿದ್ದೇನೆಂದು ಅರಿಯದೆಯೇ ವಿಧವೆಯು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಅಪಾಯ ಉಳಿದಿದೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡ ಮನೆಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ನಿಜಾಮರ ಕಾಲದ ದಾಖಲೆಗಳು ಉರ್ದುವಿನಲ್ಲಿ, ಇಂದಿನ ಭೂದಾಖಲೆಗಳು ತೆಲುಗಿನಲ್ಲಿ, ಬ್ಯಾಂಕಿನ ಕಾಗದಗಳು ಇಂಗ್ಲಿಷಿನಲ್ಲಿ. ದುಃಖ ಮಾತ್ರ ಕನ್ನಡದಲ್ಲಿ.

ಒಡಹುಟ್ಟಿದವರ ನಡುವೆ ಲೆಕ್ಕ ತಂದರೆ ಮನೆ ಒಡೆಯುತ್ತದೆ ಎಂಬ ಆಕ್ಷೇಪವುಂಟು. ಅದನ್ನು ಹಗುರವಾಗಿ ಕಾಣಲಾಗದು. ಮಕ್ಕಳ ಆಸರೆಯಲ್ಲಿ ಬದುಕಬೇಕಾದ ತಾಯಿಗೆ ಮನೆಯ ನೆಮ್ಮದಿಯೂ ಆಸ್ತಿಯೇ. ಆದರೆ ತಿಳಿದು ಕೊಟ್ಟದ್ದು ದಾನ. ತಿಳಿಯದೆ ಹೋದದ್ದು ನಷ್ಟ. ಮಗನಿಗೆ ಹೊಲವನ್ನು ಬಿಟ್ಟುಕೊಡುವ ತಾಯಿಯ ಔದಾರ್ಯಕ್ಕೆ ಬೆಲೆ ಬರುವುದು ಆ ಹೊಲದ ಬೆಲೆ ಆಕೆಗೆ ಗೊತ್ತಿದ್ದಾಗಲೇ.

ಇದಕ್ಕೆ ಬೇಕಾದದ್ದು ಒಂದು ಕನ್ನಡ ಪಟ್ಟಿ. ಮರಣದ ದಿನಾಂಕ, ಹೊಲದ ಸರ್ವೆ ನಂಬರು ಮತ್ತು ವಿಸ್ತೀರ್ಣ, ಮನೆ, ನಿಂತ ಬೆಳೆ, ದನಕರು, ಠೇವಣಿ, ಬರಬೇಕಾದ ಹಣ, ತೀರಿಸಬೇಕಾದ ಸಾಲ ಇವೆಲ್ಲ ಅದರಲ್ಲಿರಲಿ. ನೋಂದಣಿ ಕಚೇರಿಯ ದರದ ಪಕ್ಕದಲ್ಲಿ ಊರಿನಲ್ಲಿ ನಡೆಯುತ್ತಿರುವ ದರವೂ ಇರಲಿ. ಬ್ಯಾಂಕಿನ ನಾಮಿನಿಯು ಹಣವನ್ನು ಪಡೆಯುವವನೇ ಹೊರತು ಅಷ್ಟರಿಂದಲೇ ಒಡೆಯನಲ್ಲ. ಪತ್ನಿಯ ಸ್ತ್ರೀಧನವು ಗಂಡನ ಆಸ್ತಿಯ ಪಟ್ಟಿಗೆ ಸೇರದು.

ಐಚ್ಛಿಕ ಕನ್ನಡವನ್ನು ಓದುವವರು ಹಳಗನ್ನಡ ಶಾಸನಗಳ ದಾನದ ಭೂಮಿಯ ಎಲ್ಲೆಗಳನ್ನು ಬಿಡಿಸಿ ಹೇಳಬಲ್ಲರು. ಗಡಿಯಾಚೆಯ ಕನ್ನಡ ತಾಯಿಗೆ ಆಕೆಯ ಹೊಲದ ಎಲ್ಲೆಯನ್ನೂ ಬೆಲೆಯನ್ನೂ, ಸಹಿಗೆ ಮುನ್ನ, ಆಕೆಯ ನುಡಿಯಲ್ಲಿ ಓದಿ ಹೇಳುವುದು ಆ ವಿದ್ಯೆಗೆ ಹೊರತಾದ ಕೆಲಸವಲ್ಲ.